ಜೇಬಿನಲ್ಲಿದ್ದ ಬಿಲ್ಲೆ

ಹೊಲಿಗೆ ಕಾರ್ಖಾನೆಯ ಆ ಸಾಲಿನಲ್ಲಿ ನಲವತ್ತು ಹೆಂಗಸರು. ಶೌಚಾಲಯಕ್ಕೆ ಹೋಗಲು ಒಂದೇ ಬಿಲ್ಲೆ, ಅದೂ ಸೂಪರ್‌ವೈಸರ್ ಜೇಬಿನಲ್ಲಿ. ಕೇಳಿದವರಿಗೆಲ್ಲ ಅವನದು ಒಂದೇ ಮಾತು: "ಮನೇಲೇ ಮುಗಿಸ್ಕೊಂಡು ಬರಕ್ಕೆ ಏನು ರೋಗ?" ಬೆನ್ನ ಹಿಂದೆ ಎಲ್ಲರೂ ಅವನನ್ನು 'ಬಿಲ್ಲೆಸಾಹೇಬ' ಎನ್ನುತ್ತಿದ್ದರು.

ಕಾಲರ್ ಹೊಲಿಯುವವಳು ಅವನನ್ನು ಅಣಕಿಸುವುದರಲ್ಲಿ ಎತ್ತಿದ ಕೈ. ಊಟದ ಹೊತ್ತಿಗೆ ಎದೆ ಸೆಟೆಸಿ, ಜೇಬು ತಟ್ಟಿ ಆ ಮಾತು ಹೇಳಿದಳೆಂದರೆ ಇಡೀ ಸಾಲು ಬಿದ್ದು ಬಿದ್ದು ನಗುತ್ತಿತ್ತು. ಅವಳೇ ಕೆಲಸಕ್ಕೆ ಸೇರಿಸಿದ್ದ ನಾದಿನಿಯೂ ನಗುತ್ತಿದ್ದಳು. ಆದರೆ ಆ ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕುಡಿದರೆ ತಾನೇ ಬಿಲ್ಲೆ ಕೇಳಬೇಕು! ಅತ್ತಿಗೆಯಾದ ಇವಳು ಅದನ್ನು ಕಂಡಿದ್ದಳು. ಕಂಡೂ ಸುಮ್ಮನಿದ್ದಳು.

ಒಂದು ಮಧ್ಯಾಹ್ನ ನಾದಿನಿ ಜ್ವರದಲ್ಲಿ ನಡುಗುತ್ತ ಮಿಷನ್ ಮೇಲೇ ಕುಸಿದಳು. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು.

ಆಸ್ಪತ್ರೆಯಲ್ಲಿ ಇವಳಿಂದ ಬಿಲ್ಲೆಯ ವಿಷಯ ತಿಳಿದ ನರ್ಸ್ ಕೇಳಿದಳು: "ಇದನ್ನ ಯಾರಿಗೂ ಹೇಳಲಿಲ್ವೇನಮ್ಮಾ?"

"ಹೇಳ್ದೆ ಇರ್ತೀವಾ ಸಿಸ್ಟರ್? ದಿನಾ ಹೇಳ್ಕೊಂಡು ನಗ್ತಿದ್ವಿ."

"ನಗೋರಿಗೆ ಹೇಳಿದ್ರಿ, ಸರಿ. ಕೇಳೋರಿಗೆ ಹೇಳಿದ್ರಾ?"

ನರ್ಸೇ ಮುಂದುವರಿಸಿದಳು: "ಯಾವ ದಿನ, ಎಷ್ಟೊತ್ತಿಗೆ, ಯಾರನ್ನ ಬಿಡಲಿಲ್ಲ, ಎಲ್ಲಾ ಬರೆದಿಡಿ. ಒಬ್ಬೊಬ್ಬರೇ ಹೋಗ್ಬೇಡಿ. ಎಲ್ಲರೂ ಸೇರಿ ಆಡಳಿತದವರಿಗೆ ಕೊಡಿ. ಅವರು ಕಿವಿಗೆ ಹಾಕ್ಕೊಳ್ದಿದ್ರೆ ಕಾರ್ಮಿಕ ಇಲಾಖೆಗೆ ಕೊಡಿ. ಒಂದು ಪ್ರತಿ ನಿಮ್ಮ ಹತ್ರ ಇರ್ಲಿ."

ಮನೆಯಲ್ಲಿ ಗಂಡ ತಡೆದ. "ನೀರಲ್ಲಿದ್ದು ಮೊಸಳೆ ಜೊತೆ ವೈರ ಕಟ್ಕೋತಾರೇನೇ? ಇರೋ ಕೆಲಸಾನೂ ಹೋಗತ್ತೆ."

"ನಾನೊಬ್ಬಳೇ ಹೋದ್ರೆ ಹೋಗತ್ತೆ ಕಣ್ರೀ. ಅಷ್ಟೂ ಜನರನ್ನ ಕಳಿಸಿ ಅವನೊಬ್ಬನೇ ಕೂತು ಹೊಲೀತಾನಾ?"

ಗಂಡ ಹಾಸಿಗೆ ಹಿಡಿದಿದ್ದ ತಂಗಿಯನ್ನು ನೋಡಿದ. "ಬರಿ. ಇವಳ ಹೆಸರೇ ಮೊದಲು ಬರಿ," ಎಂದ.

ಮೂವತ್ತೊಂದು ಜನ ಸಹಿ ಹಾಕಿದರು. ಉಳಿದವರು ಹೆದರಿದರು. ದೂರು ಆಡಳಿತದವರ ಕೈ ಸೇರಿದ ತಿಂಗಳೊಳಗೆ ಬಿಲ್ಲೆಯೂ ಹೋಯಿತು, ಸಾಹೇಬನೂ ಹೋದ. ನಾದಿನಿಯ ಒಂದು ಕಿಡ್ನಿ ಮಾತ್ರ ಸರಿಹೋಗಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ ತಾಯೀ?" ಎಂದು ಇವಳು ಅತ್ತಳು.

"ಎಲ್ಲರೂ ನಗ್ತಿದ್ರಲ್ಲ ಅತ್ತಿಗೆ. ನನಗೊಬ್ಬಳಿಗೇ ಕಷ್ಟ ಆಗ್ತಿದೆ ಅಂದ್ಕೊಂಡೆ."

ಅಕ್ಕಂದಿರೇ, ತಂಗಿಯರೇ, ನಗಿರಿ, ಯಾರು ಬೇಡ ಅಂದರು? ಕಾಟ ಸಹಿಸಲು ನಗುವೂ ಬೇಕು. ಆದರೆ ನಕ್ಕು ಸುಮ್ಮನಾಗಬೇಡಿ. ಅದೇ ಮಾತನ್ನು ತಾರೀಖು ಹಾಕಿ ಬರೆಯಿರಿ, ಜೊತೆಯವರ ಸಹಿ ಹಾಕಿಸಿ. ಯಾರೋ ಕುಸಿದು ಬೀಳುವವರೆಗೆ ಕಾಯಬೇಡಿ, ಇವತ್ತೇ ಬರೆಯಿರಿ.