ಕಿಟಕಿಯಲ್ಲಿಟ್ಟ ಸೀಸೆದೀಪ

ಉರುಕುಂದ ಸತ್ತ ಅತ್ತಿಗೆಯ ಮನೆಯ ಗೂಡುಗಳಿಂದ ಸೀಸೆದೀಪಗಳನ್ನು ಒಂದೊಂದಾಗಿ ತೆಗೆದು ಗೋಣಿಚೀಲಕ್ಕೆ ಹಾಕುತ್ತಿದ್ದ. ಹಿಂದಿನ ಸಂಜೆ ಮಿಲ್ಲಿನಿಂದ ಬಂದು ಎದೆನೋವೆಂದು ಮಲಗಿದ ಹುಲುಗಮ್ಮ ಮತ್ತೆ ಎದ್ದಿರಲಿಲ್ಲ. ಪಡಸಾಲೆಯಲ್ಲಿ ಚಾಪೆಯ ಮೇಲೆ ಅವಳನ್ನು ಮಲಗಿಸಿದ್ದರು. ಅಂಗಳದಲ್ಲಿ ಚಟ್ಟ ಕಟ್ಟಿ ಮುಗಿದಿತ್ತು. ಗೋನೆಗಂಡ್ಲದಿಂದ ಮೊದಲ ಬಸ್ಸಿಗೆ ಬಂದಿದ್ದ ಮಗಳು ಮಹೇಶ್ವರಿ ತಾಯಿಯ ಪಕ್ಕದಿಂದ ಎದ್ದು ಬಂದು ಚಿಕ್ಕಪ್ಪನ ಕೈಯಲ್ಲಿದ್ದ ಚೀಲದ ಬಾಯಿ ಹಿಡಿದಳು.

“ಇವನ್ನ ಯಾಕ ತೆಗಿಯಾಕತ್ತಿ, ಸಣ್ಣಪ್ಪ?”

ಪತ್ತಿಕೊಂಡದಿಂದ ತನ್ನ ಬೀಗರು ಬರುತ್ತಾರೆ, ಹೆಣದ ಮನೆಯಲ್ಲಿ ಬ್ರಾಂದಿ ಸೀಸೆಗಳ ಸಾಲು ನೋಡಿದರೆ ಏನಂದುಕೊಂಡಾರು ಎಂದು ಉರುಕುಂದ ಗೊಣಗಿದ. ಮಹೇಶ್ವರಿ ಚೀಲ ಬಿಡಲಿಲ್ಲ. ಆಗ ಅವನು ಅಂಗಳದಲ್ಲಿದ್ದ ಗಂಡಸರಿಗೂ ಕೇಳುವಂತೆ ಹೇಳಿದ.

“ಇವು ತಿಪ್ಪಿಗೆ ಹೋಗಬೇಕು. ಓಣ್ಯಾಗ ಕಿಟಕಿಗೆ ಇಟ್ಟವನ್ನೂ ತೆಗೀರಿ ಅಂತ ಒಳಗ ಕುಂತ ಹೆಂಗಸರಿಗೆ ಹೇಳು. ಆಮ್ಯಾಲೆ ಚಟ್ಟ ಎತ್ತತೀವಿ.”

ಗಂಡಸರು ಚಟ್ಟದ ಬಳಿಯಿಂದ ಹಿಂದೆ ಸರಿದು ನಿಂತರು.

*

ಹುಲುಗಮ್ಮ ದಿನಾ ಆಟೋ ಹತ್ತಿ ಆದೋನಿಯ ಹತ್ತಿಮಿಲ್ಲಿಗೆ ಹೋಗುತ್ತಿದ್ದವಳು. ಗಂಡ ಮೂಕಪ್ಪ ಅಲ್ಲಿಯೇ ಮಾರ್ಕೆಟ್ಟಿನಲ್ಲಿ ಹಮಾಲಿ. ಸಂಜೆ ಕುಡಿದು ಬಂದು ಖಾಲಿ ಸೀಸೆಯನ್ನು ಗೋಡೆಗೆ ಎಸೆದ ಮೇಲೆಯೇ ಅವನಿಗೆ ನಿದ್ದೆ. ಒಂದು ಬೆಳಿಗ್ಗೆ ಹತ್ತು ವರ್ಷದ ಮಹೇಶ್ವರಿಯ ಅಂಗಾಲಿಗೆ ಗಾಜು ಹೊಕ್ಕಿತು. ಅವತ್ತು ಹುಲುಗಮ್ಮ ಗಂಡನನ್ನು ಬೈಯಲಿಲ್ಲ. ಸಂಜೆ ಅವನು ಎಸೆಯುವ ಮೊದಲೇ ಸೀಸೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

ಸೀಮೆಎಣ್ಣೆಯಲ್ಲಿ ನೆನೆಸಿದ ದಾರವನ್ನು ಸೀಸೆಯ ಬುಡಕ್ಕೆ ಸುತ್ತಿ ಬೆಂಕಿ ಹಚ್ಚಿ, ತಣ್ಣೀರಿನ ಕೊಡದಲ್ಲಿ ಅದ್ದಿದರೆ ಬುಡ ಕಳಚಿ ಬೀಳುತ್ತದೆಂದು ಮಿಲ್ಲಿನಲ್ಲಿ ಯಾರೋ ಹೇಳಿದ್ದರು. ಮೂರು ಸೀಸೆ ಅಡ್ಡಾದಿಡ್ಡಿ ಒಡೆದವು. ನಾಲ್ಕನೆಯದು ನೆಟ್ಟಗೆ ಬಂತು. ಅದರ ಅಂಚನ್ನು ಒರಳಿಗೆ ತಿಕ್ಕಿ ನುಣುಪು ಮಾಡಿ, ಸುತ್ತಲೂ ಒಡೆದ ಬಳೆಚೂರು ಅಂಟಿಸಿದಳು. ಗಣೇಶನ ಮಂಟಪದವರು ಬಿಸಾಡಿದ್ದ ಸೀರಿಯಲ್ ಸೆಟ್ಟಿನಿಂದ ನಾಲ್ಕು ಎಲ್‌ಇಡಿ ಬಿಡಿಸಿಕೊಂಡಳು. ಮಿಲ್ಲಿನ ಊಟದ ಬಿಡುವಿನಲ್ಲಿ ಬಜಾರಿನ ಮೊಬೈಲ್ ರಿಪೇರಿಯವನ ಮುಂದೆ ಕೂತು, ಹಳೆಯ ಫೋನಿನ ಬ್ಯಾಟರಿಗೆ ತಂತಿ ಬೆಸೆಯುವುದನ್ನು ಕಲಿತು ಬಂದಳು.

ದೀಪವನ್ನು ಮೂಕಪ್ಪನ ತಲೆದಿಂಬಿನ ಬಳಿ ಇಟ್ಟಳು. ಅವನ ಮುಖದ ಮೇಲೆ ಕೆಂಪು ಹಸಿರು ಚುಕ್ಕೆಗಳು ಬಿದ್ದವು. ಆರಿಸು ಎಂದ.

“ನೀ ಕುಡ್ದದ್ದ ಐತಿ. ನೋಡಕೋತ ಮಲಕ್ಕ,” ಎಂದಳು.

ತಿಂಗಳೊಳಗೆ ಹನ್ನೊಂದಾದವು. ಮೂಕಪ್ಪ ಹೊಡೆದ. ಊದಿದ ಕೆನ್ನೆಯಲ್ಲೇ ಅವಳು ಹನ್ನೆರಡನೆಯದನ್ನು ಹೊತ್ತಿಸಿದಳು. ಅವನು ಅಂಗಳದಲ್ಲಿ ಮಲಗಲು ಹೋದರೆ ದೀಪಗಳನ್ನು ಅಂಗಳಕ್ಕೆ ತಂದಿಟ್ಟಳು. ಅವನು ಕುಡಿಯುವುದನ್ನು ಬಿಡಲಿಲ್ಲ. ಗೋಡೆಗೆ ಎಸೆಯುವುದನ್ನು ಮಾತ್ರ ಬಿಟ್ಟ.

ಅವನು ಸತ್ತಾಗ ಹಿರಿಯರು ಹುಲುಗಮ್ಮನ ಬಳೆ ಒಡೆಸಿದರು. ಅವಳು ಆ ಚೂರುಗಳನ್ನೂ ಸೆರಗಿಗೆ ಬಳಿದುಕೊಂಡು ಬಂದು, ಇನ್ನೊಂದು ದೀಪ ಮಾಡಿ ಬೀದಿಯ ಕಿಟಕಿಯಲ್ಲಿಟ್ಟಳು. ಅದನ್ನು ನೋಡಿ ಪಕ್ಕದ ಮನೆಯ ಸುಭದ್ರಮ್ಮ ಗಂಡನ ಖಾಲಿ ಸೀಸೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ತಂದಳು. ಹುಲುಗಮ್ಮ ಮಾಡಿಕೊಟ್ಟಳು, ಆದರೆ ಒಳಗೆ ಬಚ್ಚಿಡುವುದಿಲ್ಲ, ಕಿಟಕಿಯಲ್ಲೇ ಇಡುತ್ತೇನೆ ಎಂದು ಮಾತು ತೆಗೆದುಕೊಂಡಳು. ಆಮೇಲೆ ಒಬ್ಬೊಬ್ಬರೇ ಬಂದರು. ಸಂಜೆ ಓಣಿಯಲ್ಲಿ ಹಾದುಹೋದವರಿಗೆ ಯಾವ ಮನೆಯಲ್ಲಿ ಎಷ್ಟು ಕುಡಿಯುತ್ತಾರೆಂದು ಬೇರೆ ಹೇಳಬೇಕಿರಲಿಲ್ಲ. ಉರುಕುಂದನ ಕಿಟಕಿಯಲ್ಲಿ ಐದಿದ್ದವು.

ಹಿರಿಯರು ಕಟ್ಟೆಗೆ ಕರೆಸಿ ಇದೇನೆಂದು ಕೇಳಿದಾಗ ಹುಲುಗಮ್ಮ ಓಣಿಯ ಕಿಟಕಿಗಳ ದೀಪಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದು ಅವರ ಮುಂದಿಟ್ಟಳು.

“ಯಾರ ಸೀಸಾ ಯಾವುದು ಅಂತ ಹೇಳಿ ತಗೊಂಡು ಹೋಗ್ರಿ. ನಾ ಬ್ಯಾಡ ಅನ್ನಂಗಿಲ್ಲ.”

ಒಬ್ಬನೂ ಮುಂದೆ ಬರಲಿಲ್ಲ. ಅವಳು ಬುಟ್ಟಿ ಹೊತ್ತು ಓಣಿಗೆ ಬಂದು ದೀಪಗಳನ್ನು ಮತ್ತೆ ಆಯಾ ಕಿಟಕಿಗಳಲ್ಲಿಟ್ಟಳು.

*

ಬಿಸಿಲೇರಿತು. ಗಂಡಸರು ಬೇವಿನ ನೆರಳಿಗೆ ಸರಿದು ಕೂತರು. ಬೀಗರು ಬಂದು, ಸಂಗತಿ ತಿಳಿದು, ಅವರೂ ಅಲ್ಲೇ ಕೂತರು. ಮಹೇಶ್ವರಿ ಚೀಲ ಬಿಚ್ಚಿ ದೀಪಗಳನ್ನು ಮೊದಲಿದ್ದ ಗೂಡುಗಳಲ್ಲೇ ಇಟ್ಟಳು. ಸಂಜೆಯೊಳಗೆ ಮಣ್ಣು ಆಗದಿದ್ದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಹೊಸ್ತಿಲಿಗೆ ಬಂದು ಹೇಳಿದಳು:

“ನಮ್ಮವ್ವ ಇದ್ದಾಗ ತೆಗೀಲಿಲ್ಲ. ಈಗ ನಾನೂ ತೆಗಿಯಂಗಿಲ್ಲ.”

ಒಳಗೆ ಅಳುತ್ತಿದ್ದವರ ನಡುವಿನಿಂದ ಸುಭದ್ರಮ್ಮ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಏಳ್ರಿ. ನಾವ ಒಯ್ಯೋಣು.”

ಹೆಂಗಸರು ಚಟ್ಟಕ್ಕೆ ಹೆಗಲು ಕೊಟ್ಟಿದ್ದು ಈ ಊರಲ್ಲಿ ಎಂದಾದರೂ ಉಂಟೇ ಎಂದು ಉರುಕುಂದ ಕೇಳಿದ. ಮಿಲ್ಲಿನಲ್ಲಿ ಹತ್ತಿಯ ಮೂಟೆ ಹೊರುವಾಗ ನಮ್ಮನ್ನು ಯಾರೂ ಹೀಗೆ ಕೇಳಲಿಲ್ಲ ಎಂದಳು ಸುಭದ್ರಮ್ಮ. ಹೆಣವನ್ನು ತಂದು ಚಟ್ಟದ ಮೇಲೆ ಮಲಗಿಸಿ ಹಗ್ಗ ಬಿಗಿದರು. ಬಿದಿರುಗಳ ಮುಂದಿನ ಎರಡು ತುದಿಗೆ ಮಹೇಶ್ವರಿ ಮತ್ತು ಸುಭದ್ರಮ್ಮ ನಿಂತರು. ಹಿಂದಿನ ಒಂದಕ್ಕೆ ಮಿಲ್ಲಿನ ಹೆಂಗಸೊಬ್ಬಳು ಬಂದಳು. ಇನ್ನೊಂದು ಖಾಲಿ ಇತ್ತು. ಉರುಕುಂದನ ಹೆಂಡತಿ ರಾಮಲಕ್ಷ್ಮಿ ಗಂಡನ ಕಡೆ ನೋಡದೆ ನಡೆದು ಬಂದು ಅದನ್ನು ಹಿಡಿದಳು.

ಎತ್ತಿದರು. ಸುಭದ್ರಮ್ಮ ಗಿಡ್ಡ, ಚಟ್ಟ ಅವಳ ಕಡೆಗೆ ವಾಲಿತು, ಹೆಣ ಹಗ್ಗದೊಳಗೇ ಒಂದು ಕಡೆ ಜಾರಿತು. ಬೇವಿನ ಕೆಳಗಿನಿಂದ ಇಬ್ಬರು ಗಂಡಸರು ಅರ್ಧ ಎದ್ದು ನಿಂತರು. ಸುಭದ್ರಮ್ಮ ಜೊತೆಯವರಿಗೆ ತಡೆಯಿರಿ ಎಂದಳು. ಬಾಗಿಲಲ್ಲಿದ್ದ ಮುದುಕಿಯೊಬ್ಬಳು ಒಳಗೆ ಹೋಗಿ, ನೀರಿನ ಕೊಡಕ್ಕೆ ತಲೆಯ ಮೇಲಿಡುವ ಬಟ್ಟೆಯ ಸಿಂಬಿಯನ್ನು ತಂದು, ಅವಳ ಹೆಗಲಿಗೂ ಬಿದಿರಿಗೂ ನಡುವೆ ತೂರಿಸಿದಳು. ಸಿಂಬಿ ಭಾರಕ್ಕೆ ಅದುಮಿಕೊಂಡು ಕೂತಿತು. ಚಟ್ಟ ಮಟ್ಟಸವಾಯಿತು, ನಾಲ್ವರೂ ಹೆಜ್ಜೆ ಎತ್ತಿಟ್ಟರು.