ಕಿತ್ತಳೆಯೋ ನೀಲಿಯೋ

ಹಾರ್ಡ್‌ವೇರ್ ಅಂಗಡಿಯ ಡ್ರಿಲ್‌ಗಳ ಸಾಲಿನಲ್ಲಿ ಆರ್ವಿಡ್ ಟಾಫ್ಟೆ ನಿಂತಿದ್ದರೆ ಅಂಗಡಿಯವರು "ಏನು ಬೇಕಿತ್ತು" ಎಂದು ಕೇಳುವುದನ್ನೂ ಬಿಟ್ಟಿದ್ದರು. ಎಡಗೈಯಲ್ಲಿ ಕಿತ್ತಳೆ ಬಣ್ಣದ ಡ್ರಿಲ್, ಬಲಗೈಯಲ್ಲಿ ನೀಲಿಯದು. ಎರಡನ್ನೂ ತೂಗಿ ನೋಡುವನು, ಗುಂಡಿ ಒತ್ತಿ ಗಾಳಿಯಲ್ಲಿ ಗರಗರ ಅನ್ನಿಸುವನು, ಡಬ್ಬದ ಮೇಲಿನ ಸಣ್ಣಕ್ಷರವನ್ನು ಕನ್ನಡಕ ಏರಿಸಿ ಓದುವನು. ಆಮೇಲೆ ಎರಡನ್ನೂ ಇದ್ದಲ್ಲೇ ಇಟ್ಟು ಬರಿಗೈಯಲ್ಲಿ ಮನೆಗೆ ಹೊರಡುವನು. ಹೆಣ್ಣು ನೋಡಲು ಹೋದವರೂ ಇಷ್ಟು ಸತಾಯಿಸುವುದಿಲ್ಲ.

ವೈರಿಲ್ಲದ ಯಂತ್ರಗಳ ಹಣೆಬರಹವೇ ಹಾಗೆ. ಒಂದೊಂದು ಕಂಪನಿಗೆ ಒಂದೊಂದು ಬಣ್ಣ, ಒಂದು ಬಣ್ಣದ ಬ್ಯಾಟರಿ ಇನ್ನೊಂದು ಬಣ್ಣದ ಯಂತ್ರಕ್ಕೆ ಕೂರುವುದಿಲ್ಲ. ಇವತ್ತು ಕಿತ್ತಳೆ ಡ್ರಿಲ್ ಕೊಂಡಿರೋ, ನಾಳೆ ಗರಗಸವೂ ಕಿತ್ತಳೆಯೇ, ಹುಲ್ಲು ಕತ್ತರಿಸುವುದೂ ಕಿತ್ತಳೆಯೇ, ಉದುರೆಲೆ ಊದುವುದೂ ಕಿತ್ತಳೆಯೇ. ಅಮೆರಿಕದ ಮಿನೆಸೋಟ ಸೀಮೆಯ ನಮ್ಮೂರಿನಲ್ಲಿ ಯಾರು ಯಾವ ಚರ್ಚಿಗೆ ಹೋಗುತ್ತಾರೆ ಎಂಬುದು ಮರೆತುಹೋದೀತು, ಯಾರ ಗ್ಯಾರೇಜಿನಲ್ಲಿ ಯಾವ ಬಣ್ಣವಿದೆ ಎಂಬುದು ಮರೆಯುವುದಿಲ್ಲ.

ಆರ್ವಿಡ್‌ಗೆ ಬೇಕಿದ್ದದ್ದು ಒಂದು ರ‍್ಯಾಂಪ್, ಅಷ್ಟೆ. ಹಿಮ ಕರಗುವ ಹೊತ್ತಿಗೆ ಹೆಂಡತಿ ಮಾರ್ಲಿಸ್‌ಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಚಿಕಿತ್ಸಾ ಕೇಂದ್ರದಲ್ಲಿ ಮಾತು ಅರ್ಧಂಬರ್ಧ ಮರಳಿತು, ಕಾಲು ಮರಳಲಿಲ್ಲ. ಅಲ್ಲಿ ಅವಳಿಗೆ ವ್ಯಾಯಾಮ ಮಾಡಿಸುವ ಕೆಂಡ್ರಾ ಎಂಬಾಕೆ ಒಂದು ದಿನ ಮನೆ ನೋಡಲು ಬಂದಳು. ಮುಂಬಾಗಿಲ ಮೆಟ್ಟಿಲುಗಳನ್ನು ನೋಡಿ ತಲೆಯಾಡಿಸಿದಳು.

"ಆರ್ವಿಡ್ ಅವ್ರೇ, ಮುಂದಿನ ಶುಕ್ರವಾರ ಮತ್ತೆ ಬರ್ತೀನಿ. ಗಾಲಿಕುರ್ಚಿ ಹತ್ತೋ ಹಾಗೆ ರ‍್ಯಾಂಪ್ ಇದ್ರೆ ಅವ್ರನ್ನ ಸೀದಾ ಮನೆಗೆ ಕಳಿಸ್ತೀವಿ. ಮನೆಗೇ ಬಂದು ನೋಡ್ಕೊಳ್ಳೋ ನರ್ಸ್ ಕೂಡ ಸಿಕ್ಕಿದಾರೆ. ರ‍್ಯಾಂಪ್ ಇಲ್ಲ ಅಂದ್ರೆ ಆರೈಕೆ ಮನೇಲಿ ಒಂದು ಹಾಸಿಗೆ ಖಾಲಿ ಇದೆ, ಅಲ್ಲಿಗೆ. ನರ್ಸ್ ಬೇರೆಯವ್ರ ಮನೆಗೆ ಹೋಗಿಬಿಡ್ತಾರೆ. ಆಮೇಲೆ ಅಲ್ಲಿಂದ ಹೊರಗೆ ತರೋದು ಕಷ್ಟ."

"ಅದೇನು ಮಹಾ ಕೆಲಸ," ಎಂದಿದ್ದ ಆರ್ವಿಡ್. ಹೇಳಿದ್ದು ಸುಳ್ಳೇನಲ್ಲ. ಜೀವನವಿಡೀ ಶಾಲೆಯ ಬಸ್ಸು ಓಡಿಸಿದರೂ ಹಿತ್ತಲಿನ ಜಗುಲಿಯನ್ನೂ ಸೌದೆಯ ಕೊಟ್ಟಿಗೆಯನ್ನೂ ತಾನೇ ಕಟ್ಟಿದವನು ಅವನು. ಮಾರನೆಯ ದಿನವೇ ಹಲಗೆಗಳನ್ನು ತರಿಸಿ ಅಂಗಳದಲ್ಲಿ ಪೇರಿಸಿದ. ಇನ್ನು ಕೊಯ್ಯುವುದು, ತಿರುಪು ಬಿಗಿಯುವುದು. ಅದಕ್ಕೆ ಯಂತ್ರ ಬೇಕು. ಯಾವುದು?

ಭಾನುವಾರ ಚರ್ಚು ಮುಗಿಸಿ ಮಾರ್ಲಿಸ್‌ಳ ತಮ್ಮ ವೆರ್ಲಿನ್ ಬಂದ. ಅವನದು ಕಿತ್ತಳೆಯ ಮನೆತನ. ಪಕ್ಕದ ಮನೆಯ ಡೆಲ್ಮರ್ ನೀಲಿಯವನು. ಇಬ್ಬರೂ ಗ್ಯಾರೇಜಿನಲ್ಲಿ ಕಾಫಿ ಹಿಡಿದು ನಿಂತರೆ ಸಾಕು, ಚುನಾವಣೆಯ ಕಾವು.

"ಭಾವ, ಕಣ್ಣು ಮುಚ್ಕೊಂಡು ಕಿತ್ತಳೆ ತಗೊಳ್ಳಿ," ಎಂದ ವೆರ್ಲಿನ್. "ಹೋದ ಚಳಿಗಾಲದಲ್ಲಿ ಬಿದ್ದ ಓಕ್ ಮರಾನ ಒಂದೇ ಬ್ಯಾಟರೀಲಿ ಕೊಯ್ದು ಬಿಸಾಕ್ದೆ."

"ಓಕ್ ಅಂತೆ! ಅದು ಬೇಲಿ ಪಕ್ಕದ ಬಾಕ್ಸ್‌ಎಲ್ಡರ್ ಅನ್ನೋ ಮೆದು ಮರದ ಕಡ್ಡಿ ಕಣಯ್ಯಾ. ನಾನೇ ನೋಡಿದೀನಲ್ಲ," ಎಂದ ಡೆಲ್ಮರ್. "ಆರ್ವಿಡ್, ಇವನ ಮಾತು ಕೇಳ್ಬೇಡ. ನೀಲಿದು ಕೈಗೆ ಹಗುರ. ನಿನ್ನ ಭುಜದ ನೋವಿಗೆ ಅದೇ ಸರಿ."

"ಹಗುರ ಇರೋದು ಒಳಗೇನೂ ಇಲ್ದೇ ಇರೋದಕ್ಕೆ."

"ನಿನ್ನ ತಲೆ ಥರಾನಾ?"

ಆರ್ವಿಡ್ ಇಬ್ಬರ ಮಾತನ್ನೂ ಗಂಭೀರವಾಗಿ ಕೇಳಿಸಿಕೊಂಡ. ಒಂದರ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಇನ್ನೊಂದರದು ಬೇಗ ತುಂಬಿಕೊಳ್ಳುತ್ತದೆ. ಒಂದರ ಗರಗಸಕ್ಕೆ ಬಲ, ಇನ್ನೊಂದಕ್ಕೆ ನಿಖರತೆ. ರ‍್ಯಾಂಪ್ ಆದ ಮೇಲೆ ಬೇಲಿ ಕತ್ತರಿಸುವುದಿದೆ, ಎಲೆ ಊದುವುದಿದೆ, ಮುಂದಿನ ವರ್ಷ ಮಾರ್ಲಿಸ್‌ಳ ಹೂವಿನ ಮಡಿಗಳಿಗೆ ಚೌಕಟ್ಟು ಕಟ್ಟುವುದಿದೆ. ಒಮ್ಮೆ ಆರಿಸಿದರೆ ಸಾಯುವತನಕ ಅದೇ. ಹೀಗೆ ಯೋಚಿಸುತ್ತಿದ್ದಾಗ ಅವನ ಎದೆ ಸ್ವಲ್ಪ ಹಗುರಾಗುತ್ತಿತ್ತು.

ವೆರ್ಲಿನ್ ಗೋಡೆಯ ಕಡೆ ನೋಡಿ, "ಭಾವ, ಆ ಹಳೇ ವೈರಿನ ಗರಗಸ ಕೆಟ್ಟುಹೋಗಿದ್ಯಾ?" ಎಂದ.

"ಇಲ್ಲ. ಓಡತ್ತೆ."

"ಮತ್ತೆ?"

"ವೈರು ಕಾಲಿಗೆ ತೊಡರತ್ತೆ," ಎಂದ ಆರ್ವಿಡ್. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ನಿಜ ಸಂಗತಿ ಅವನಿಗೆ ಗೊತ್ತಿತ್ತು, ಯಾರ ಮುಂದೆಯೂ ಆಡುವ ಧೈರ್ಯವಿರಲಿಲ್ಲ. ರ‍್ಯಾಂಪ್ ಕಟ್ಟುವುದೆಂದರೆ ಮಾರ್ಲಿಸ್ ಇನ್ನು ಮೆಟ್ಟಿಲು ಹತ್ತುವುದಿಲ್ಲ ಎಂದು ಮರದಲ್ಲಿ ಹೊಡೆದು ನಿಲ್ಲಿಸಿದ ಹಾಗೆ. ಮೊದಲ ಹಲಗೆಗೆ ಗರಗಸ ಇಟ್ಟ ಕ್ಷಣ ಆ ಮಾತು ಖಾಯಂ ಆಗುತ್ತದೆ. ವೈದ್ಯರು ಹೇಳಿದ್ದು ಅವನ ಕಿವಿಯ ಹೊರಗೇ ನಿಂತಿತ್ತು, ಒಳಗೆ ಬಿಟ್ಟುಕೊಳ್ಳಲು ಅವನಿಂದ ಆಗುತ್ತಿರಲಿಲ್ಲ. ಎರಡು ಡ್ರಿಲ್‌ಗಳನ್ನು ಹೋಲಿಸುವುದು ಆಗುತ್ತಿತ್ತು.

ಹೊರಡುವಾಗ ಡೆಲ್ಮರ್ ಕೇಳಿದ, "ನನ್ನ ಸಾಮಾನು ತಂದು ಕಟ್ಟಿಕೊಡ್ಲೇನೋ?"

"ಅಯ್ಯೋ ಬೇಡ ಬೇಡ. ನಿಂಗ್ಯಾಕೆ ತೊಂದ್ರೆ."

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮಿನೆಸೋಟದಲ್ಲಿ ಯಾರಾದರೂ ಕೊಡ್ತೀನಿ, ಮಾಡ್ತೀನಿ ಅಂದ ತಕ್ಷಣ ಒಪ್ಪಿಕೊಳ್ಳುವುದು ಮರ್ಯಾದೆಯಲ್ಲ. ಎರಡು ಸಲ ಬೇಡವೆನ್ನಬೇಕು, ಮೂರನೆಯ ಸಲಕ್ಕೆ "ಅಷ್ಟು ಹೇಳ್ತೀಯ ಅಂದ್ರೆ..." ಎಂದು ಎಳೆಯಬೇಕು. ಒಂದು ತುಂಡು ಕೇಕಿಗೂ ಇದೇ ಕ್ರಮ, ಹಿಮದಲ್ಲಿ ಹೂತ ಕಾರನ್ನು ಎಳೆಯುವುದಕ್ಕೂ ಇದೇ ಕ್ರಮ. ಮೊದಲ ಸಲಕ್ಕೇ ಹೂಂ ಅಂದವರನ್ನು ಊರು ಬಹಳ ದಿನ ಆಡಿಕೊಳ್ಳುತ್ತದೆ.

ಸಂಜೆ ಹೊತ್ತು ಆರ್ವಿಡ್ ಮಾರ್ಲಿಸ್‌ಗೆ ಫೋನ್ ಮಾಡುತ್ತಿದ್ದ. ಅವಳ ಮಾತು ನಿಧಾನ, ಒಂದೊಂದು ಪದಕ್ಕೂ ದಾರಿ ಹುಡುಕುವಂತೆ. ಆ ನಡುವಿನ ಮೌನ ತಡೆಯಲಾರದೆ ಅವನು ಮೋಟಾರು, ವೋಲ್ಟು, ಚಾರ್ಜರು ಎಂದು ಸುರಿಯುತ್ತಿದ್ದ.

"ಆರ್ವಿಡ್," ಎಂದಳು ಅವಳು ಬುಧವಾರ. "ಯಾವ್ದಾದ್ರೂ... ತಗೋ."

"ತಗೋತೀನಿ ಕಣೇ. ನೋಡು, ಈ ಶನಿವಾರದಿಂದ ಅಪ್ಪಂದಿರ ದಿನದ ಆಫರ್ ಅಂತೆ. ಎರಡು ಬ್ಯಾಟರಿ ತಗೊಂಡ್ರೆ ಗರಗಸ ಪುಕ್ಕಟೆ."

"ನಾವು... ಯಾರ ಅಪ್ಪ ಅಮ್ಮ?" ಎಂದು ಅವಳು ನಕ್ಕಳು. ಮಕ್ಕಳಿಲ್ಲದ ಮನೆಯಲ್ಲಿ ಅದು ಹಳೆಯ ತಮಾಷೆ. ಅವನೂ ನಕ್ಕ. ಆಮೇಲೆ ಅವಳು, "ಶುಕ್ರವಾರ... ಅಲ್ವಾ?" ಎಂದಳು.

"ಶುಕ್ರವಾರವೇ. ಕೆಂಡ್ರಾ ಹತ್ರ ಒಂದೆರಡು ದಿನ ಮುಂದಕ್ಕೆ ಹಾಕಿ ಅಂತ ಕೇಳ್ತೀನಿ. ಏನೂ ತೊಂದ್ರೆ ಇಲ್ಲ."

ಕೇಳಿದ. ಕೆಂಡ್ರಾ ಆಗುವುದಿಲ್ಲ ಎಂದಳು. ಹಾಸಿಗೆಗೆ ಬೇರೆಯವರೂ ಕಾದಿದ್ದರು, ನರ್ಸಿಗೂ ಕಾದಿದ್ದರು.

ಗುರುವಾರ ಬೆಳಿಗ್ಗೆ ಡೆಲ್ಮರ್ ಬೇಲಿಯ ಮೇಲಿಂದ ಪೇರಿಸಿದ ಹಲಗೆಗಳನ್ನು ನೋಡಿ, "ನಾನು ಬಂದು ಕೈ ಹಾಕ್ಲಾ?" ಎಂದ. ಆರ್ವಿಡ್ ಬಾಯಿಂದ ತಾನಾಗಿಯೇ "ಛೇ, ಇರ್ಲಿ ಬಿಡು" ಎಂದು ಬಂತು. ಎರಡು ಸಲವಾಯಿತು. ಇನ್ನೊಂದು ಸಲ ಕೇಳಲಿ, ಒಪ್ಪಿಬಿಡುತ್ತೇನೆ ಎಂದು ಆರ್ವಿಡ್ ಒಳಗೆ ಹೋಗಿ ಕಾಫಿಗೆ ನೀರಿಟ್ಟ. ಚರ್ಚಿನವರು ಕೊಟ್ಟು ಹೋಗಿದ್ದ, ರೂಬಾರ್ಬ್ ಎಂಬ ಹುಳಿದಂಟಿನ ಕೇಕನ್ನು ಫ್ರಿಜ್ಜಿನಿಂದ ತೆಗೆದು ಕೊಯ್ದು ಇಬ್ಬರಿಗೆ ತಟ್ಟೆ ಹಾಕಿದ. ಅಷ್ಟು ಆಸೆಯಿಂದ ಅವನು ಯಾರಿಗಾಗಿಯೂ ಕಾದಿರಲಿಲ್ಲ.

ಮಧ್ಯಾಹ್ನದ ಮೇಲೆ ಡೆಲ್ಮರ್ ಬಂದ. ಮುಂಬಾಗಿಲ ಮೆಟ್ಟಿಲ ಮೇಲೆ ಕೂತ, ಕೇಕು ತಿಂದ, ತೊಡೆ ತಟ್ಟಿಕೊಂಡ. ನಮ್ಮ ಕಡೆಯವರು ತೊಡೆ ತಟ್ಟಿದರೆಂದರೆ ಮುಖ್ಯ ಮಾತು ಬಂತೆಂದೇ ಅರ್ಥ.

"ಅಲ್ಲ ಕಣೋ ಆರ್ವಿಡ್, ನಾನೇನಂತೀನಿ ಅಂದ್ರೆ—"

ಆರ್ವಿಡ್ ಕಾಫಿ ಲೋಟ ಕೆಳಗಿಟ್ಟ. ಇನ್ನು ಹೂಂ ಅನ್ನಬೇಕು. ಅಂದರೆ ಇವತ್ತೇ ಗರಗಸ ಓಡುತ್ತದೆ, ಇವತ್ತೇ ಮೆಟ್ಟಿಲು ಹಲಗೆಯಡಿ ಮುಚ್ಚಿಹೋಗುತ್ತದೆ. ಅಳು ಬಂದೀತೆಂದು ಹೆದರಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟ: "ನಿನ್ನ ನೀಲಿ ಬ್ಯಾಟರಿ ಚಳೀಲಿ ಎಷ್ಟು ಹೊತ್ತು ಬರತ್ತೆ?"

ಕೇಳಬಾರದಿತ್ತು. ಡೆಲ್ಮರ್‌ನ ಮುಖ ಅರಳಿತು. ಚಳಿಗಾಲದ ಬ್ಯಾಟರಿಯಿಂದ ಶುರುವಾದದ್ದು ಮಂಜುಗಡ್ಡೆಗೆ ತೂತು ಕೊರೆಯುವ ಮೀನುಗಾರರ ಡ್ರಿಲ್‌ಗೆ ಹೋಯಿತು, ಅಲ್ಲಿಂದ ವೆರ್ಲಿನ್‌ನ ಬಾಕ್ಸ್‌ಎಲ್ಡರ್ ಕಡ್ಡಿಗೆ, ಅಲ್ಲಿಂದ ಹುಲ್ಲು ಕತ್ತರಿಸುವ ಯಂತ್ರಕ್ಕೆ. ಆರ್ವಿಡ್ ನಡುನಡುವೆ ಹಲಗೆಗಳ ಕಡೆ ನೋಡಿದ. ಡೆಲ್ಮರ್ ನೋಡಲಿಲ್ಲ. ಸೊಳ್ಳೆ ಶುರುವಾದಾಗ ಅವನು ಎದ್ದು, "ಸರಿ, ಬರ್ಲಾ" ಎಂದು ಬೇಲಿ ದಾಟಿ ಹೋದ. ಮೂರನೆಯ ಸಲ ಅವನು ಕೇಳಲೇ ಇಲ್ಲ. ಹಿಂದಿನಿಂದ ಕೂಗಿ ಕರೆಯಬಹುದಿತ್ತು, ಆರ್ವಿಡ್ ಬಾಯಿ ತೆರೆದೂ ತೆರೆದ. ತಾನಾಗಿ ಕೇಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಶುಕ್ರವಾರ ಬೆಳಕು ಹರಿಯುತ್ತಲೇ ಅವನು ಗೋಡೆಯ ಮೇಲಿದ್ದ ವೈರಿನ ಗರಗಸ ಇಳಿಸಿ ಪ್ಲಗ್ಗಿಗೆ ಹಾಕಿದ. ಅದು ಸೊಗಸಾಗಿಯೇ ಓಡಿತು. ಅವನ ಕಣ್ಣು ಮಾತ್ರ ಗೀಟು ಬಿಟ್ಟು ಮೆಟ್ಟಿಲ ಕಡೆಗೇ ಹೋಗುತ್ತಿತ್ತು. ಮೊದಲ ಹಲಗೆ ಓರೆಯಾಗಿ ಕೊಯ್ದುಹೋಯಿತು, ಎರಡನೆಯದೂ. ಕೆಂಡ್ರಾಳ ಕಾರು ಬಂದು ನಿಂತಾಗ ಅವನು ಮರದ ಹೊಟ್ಟಿನ ನಡುವೆ ಮೊಣಕಾಲೂರಿ ಕೂತಿದ್ದ.

"ನಾಳೆ ಆಗತ್ತೆ," ಎಂದ. "ನಾಳೆ ಗರಗಸ ಪುಕ್ಕಟೆ ಕೊಡ್ತಾರೆ. ನಾಳೆ ಖಂಡಿತ."

ಕೆಂಡ್ರಾ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ನಂಗೆ ಅರ್ಥ ಆಗತ್ತೆ ಆರ್ವಿಡ್ ಅವ್ರೇ. ಆದ್ರೆ ನಾನು ನೋಡಿದ್ದನ್ನೇ ಹೇಳ್ಬೇಕಲ್ಲ," ಎಂದಳು. ಸಂಜೆಯೊಳಗೆ ಮಾರ್ಲಿಸ್‌ಳನ್ನು ಆರೈಕೆ ಮನೆಗೆ ಸಾಗಿಸಿದರು.

ಶನಿವಾರ ಸುದ್ದಿ ತಿಳಿದು ವೆರ್ಲಿನ್ ಕಿತ್ತಳೆ ಹಿಡಿದು ಬಂದ, ಡೆಲ್ಮರ್ ನೀಲಿ ಹಿಡಿದು ಬಂದ. "ಒಂದು ಮಾತು ಹೇಳೋದಲ್ವೇನೋ ಮಾರಾಯ! ನೀನು ಬೇಡ ಅಂದ್ಯಲ್ಲ," ಎಂದು ಡೆಲ್ಮರ್ ಗೋಳಾಡಿದ. ಅಂದು ಯಾರೂ ಯಾರ ಬಣ್ಣವನ್ನೂ ಹಳಿಯಲಿಲ್ಲ. ಇಬ್ಬರೂ ಕೊಯ್ದರು, ಆರ್ವಿಡ್ ತಿರುಪು ಎತ್ತಿಕೊಟ್ಟ. ಕತ್ತಲಾಗುವ ಮೊದಲೇ ಅಂಗಳದಿಂದ ಮುಂಬಾಗಿಲಿನವರೆಗೆ ರ‍್ಯಾಂಪ್ ಎದ್ದು ನಿಂತಿತು. ವೆರ್ಲಿನ್ ಅದರ ಮೇಲೆ ಕುಣಿದು ನೋಡಿದ, ಒಂದು ಹಲಗೆಯೂ ಅಲ್ಲಾಡಲಿಲ್ಲ.

ಭಾನುವಾರ ಆರ್ವಿಡ್ ಆರೈಕೆ ಮನೆಗೆ ಹೋದ. ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದ ಹೆಂಗಸು ಹೇಳಬೇಕಾದ್ದನ್ನು ಹೇಳಿದಳು: ಹೊಸದಾಗಿ ಅರ್ಜಿ ಆಗಬೇಕು, ನರ್ಸ್ ಬೇರೆ ಕಡೆ ಸೇರಿಯಾಗಿದೆ, ಮುಂದಿನವರು ಸಿಕ್ಕಾಗ ನೋಡೋಣ. ಯಾವಾಗ ಎಂದರೆ ಅವಳಿಗೂ ಗೊತ್ತಿಲ್ಲ.

ಮಾರ್ಲಿಸ್ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಯಾರೋ ಅವಳ ಕೂದಲನ್ನು ಅವಳು ಎಂದೂ ಬಾಚಿಕೊಳ್ಳದ ಕಡೆಗೆ ಬಾಚಿದ್ದರು. ಅವನನ್ನು ಕಂಡು ಅರ್ಧ ಮುಖದಲ್ಲಿ ನಕ್ಕಳು.

"ರ‍್ಯಾಂಪ್ ಆಯ್ತು ಕಣೇ," ಎಂದ ಅವನು, ಅವಳ ಎಡಗೈ ಹಿಡಿದುಕೊಂಡು. "ಗಟ್ಟಿಯಾಗಿದೆ. ನೀನು ನೋಡ್ಬೇಕು."

ಅವಳು ಕಣ್ಣು ಅಗಲಿಸಿದಳು. ಪದ ಹುಡುಕಿದಳು. ಈ ಸಲ ಆ ಮೌನವನ್ನು ಅವನು ತುಂಬಿಸಲಿಲ್ಲ.

"ಎಷ್ಟು ದಿನ... ಹಿಡೀತು?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ಒಂದು," ಎಂದ ಆರ್ವಿಡ್.

ಮಾರ್ಲಿಸ್ ಅವನನ್ನೇ ನೋಡುತ್ತ ಕೂತಳು. "ಒಂದೇ... ದಿನ," ಎಂದಳು. ಕೈ ಬಿಡಿಸಿಕೊಳ್ಳಲಿಲ್ಲ. ಮುಖವನ್ನು ಮಾತ್ರ ಕಿಟಕಿಯ ಕಡೆಗೆ ತಿರುಗಿಸಿದಳು.