ಬೈಗುಳದ ತಾಲೀಮು

ಬೈಗುಳದಲ್ಲಿ ಡೀಕನ್ ಹೊಸೆಯ ಪ್ರೂಯಿಟ್ ಅವರನ್ನು ಮೀರಿಸುವವರು ಇಡೀ ಅಲಬಾಮಾದಲ್ಲಿ ಹುಟ್ಟಿರಲಿಲ್ಲ. ಹುಟ್ಟುವ ಯೋಚನೆಯಲ್ಲಿದ್ದವರೂ ಅವರ ಹೆಸರು ಕೇಳಿ ಅರ್ಧ ದಾರಿಯಿಂದಲೇ ವಾಪಸು ಹೋಗಿದ್ದರು. ಭಾನುವಾರ ನಮ್ಮ ಕಪ್ಪು ಜನರ ಚರ್ಚಿನಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದ ಅದೇ ನಾಲಿಗೆ ಮಂಗಳವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಬಿಳಿಯರ ನಾಲಿಗೆಯಾಗುತ್ತಿತ್ತು. ಎದುರಿನ ಕುರ್ಚಿಯಲ್ಲಿ ಹದಿನೆಂಟು ತುಂಬಿದ ಲುವೀನಿಯಾ ಗ್ಯಾಡ್ಸನ್ ಮಡಿಲಲ್ಲಿ ಕೈಯಿಟ್ಟು ಕೂರಬೇಕು. ಬೈಯಲಿ, ಜಡೆ ಎಳೆಯಲಿ, ನೆತ್ತಿಯ ಮೇಲೆ ಕಾಕಂಬಿ ಸುರಿಯಲಿ, ಮುಖದಲ್ಲಿ ಒಂದು ಗೆರೆ ಅಲುಗಬಾರದು.

ಔಷಧಶಾಸ್ತ್ರ ಕಲಿಸುವ ಕಾಲೇಜು ರಾಜ್ಯಕ್ಕೆಲ್ಲ ಒಂದೇ, ಅದೂ ಬಿಳಿಯರದು. ವಕೀಲ ಕ್ರೆನ್ಷಾ ವರ್ಷಗಟ್ಟಲೆ ಗುದ್ದಾಡಿ ಲುವೀನಿಯಾಳಿಗೆ ಒಂದು ಸಂದರ್ಶನ ದಕ್ಕಿಸಿದ್ದರು. ಅಲ್ಲಿ ಹುಬ್ಬು ಗಂಟಿಕ್ಕಿದರೂ ಸಾಕು, ‘ಸಿಡುಕಿ’ ಎಂದು ಬರೆದು ಬಾಗಿಲು ಹಾಕಿಬಿಡುತ್ತಾರೆ. ಅದಕ್ಕೇ ಈ ತಾಲೀಮು.

“ಏ ಕರಿಮೂತಿ! ನಿಮ್ಮಜ್ಜಿ ನಮ್ಮನೆ ಬಟ್ಟೆ ಒಗೀತಾಳೆ, ನೀನು ನಮ್ಮ ಮಕ್ಕಳ ಪಕ್ಕ ಕೂರ್ತೀಯೇನೇ?” ಡೀಕನ್ ಗುಡುಗಿದರು.

“ಸಪ್ಪೆ ಆಯ್ತು ಡೀಕನ್ನೋರೇ,” ಬೆಂಚಿನಿಂದ ಸಿಸ್ಟರ್ ಒಡೆಸ್ಸಾ ಕೂಗಿದಳು. “ನಿಮ್ಮ ಹೆಂಡ್ತಿ ಬೆಳಿಗ್ಗೆ ನಿಮ್ಗೆ ಬೈತಾರಲ್ಲ, ಅದ್ರಲ್ಲಿ ಕಾಲು ಭಾಗಾನೂ ಇಲ್ಲ!”

“ಅವಳ ಮಟ್ಟಕ್ಕೆ ಹೋದ್ರೆ ಮಗು ಉಳಿಯಲ್ಲ ಕಣಮ್ಮ.”

ನೆಲಮಾಳಿಗೆಯೆಲ್ಲ ನಕ್ಕಿತು. ಲುವೀನಿಯಾ ನಗಲಿಲ್ಲ. ಪೀಚ್ ಹಣ್ಣಾಗುವ ಹೊತ್ತಿಗೆ ಅವಳು ಎಷ್ಟು ಪಳಗಿದ್ದಳೆಂದರೆ, ನೊಣಗಳು ಅವಳ ಮೂಗಿನ ಮೇಲೆ ಸಂಸಾರ ಹೂಡಿ ಮೊಮ್ಮಕ್ಕಳನ್ನೂ ಕಂಡವು. ಊರಿಗೆ ಊರೇ ಎದೆಯುಬ್ಬಿಸಿತು.

ಆದರೆ ಒಂದು ದಿನ ನಮ್ಮೂರಿನ ಟಾಲಿವರ್ ಅವರ ಔಷಧಿ ಅಂಗಡಿಯಲ್ಲಿ ಅವಳು ಕರ್ಪೂರದ ಭರಣಿ ತೆರೆದಳು. ಚಿಕ್ಕಂದಿನಿಂದ ಆ ವಾಸನೆಗೆ ಅವಳ ಎದೆ ಕುಣಿಯುತ್ತಿತ್ತು. ಈಗ ವಾಸನೆ ಮೂಗಿನ ತನಕ ಬಂದು, ಒಳಗೆ ಯಾರೂ ಇಲ್ಲವೆಂಬಂತೆ ಹಿಂದಿರುಗಿತು.

“ಅಜ್ಜಿ, ನಂಗೆ ಏನೂ ಅನ್ನಿಸ್ತಾನೇ ಇಲ್ಲ,” ಎಂದಳು ಮನೆಗೆ ಬಂದು.

ಅಜ್ಜಿ ಇಸ್ತ್ರಿ ಮಾಡುವುದನ್ನು ನಿಲ್ಲಿಸಲಿಲ್ಲ. “ಒಳ್ಳೇದೇ ಆಯ್ತು ಬಿಡು ಮಗಳೇ. ಅನ್ನಿಸೋದೆಲ್ಲ ಸೀಟು ಸಿಕ್ಕಿದ್ಮೇಲೆ ಇಟ್ಕೋ.”

ಸಂದರ್ಶನದಲ್ಲಿ ಮೂವರು ದೊಡ್ಡ ಮನುಷ್ಯರಿದ್ದರು. ಒಬ್ಬರೂ ಬೈಯಲಿಲ್ಲ. ನಡುವೆ ಕೂತಿದ್ದವರು ಮಂಜುಗಡ್ಡೆ ಹಾಕಿದ ಚಹಾ ತರಿಸಿಕೊಟ್ಟು, ಮೆತ್ತಗೆ ಕೇಳಿದರು: “ಇಲ್ಲೇ ಯಾಕಮ್ಮ ಓದ್ಬೇಕು? ಉತ್ತರದಲ್ಲಿ ಒಹಾಯೋಗೆ ಹೋಗು, ಅಲ್ಲಿ ನಿಮ್ಮೋರನ್ನೂ ಸೇರಿಸ್ಕೋತಾರೆ. ರೈಲು ಚಾರ್ಜು, ಫೀಸು ಎಲ್ಲಾ ಸರ್ಕಾರವೇ ಕೊಡುತ್ತಲ್ಲ.”

ನೆಲಮಾಳಿಗೆಯಲ್ಲಿ ಜಗತ್ತಿನ ಬೈಗುಳವೆಲ್ಲ ಖರ್ಚಾಗಿತ್ತು. ಇಷ್ಟು ಮೆತ್ತಗಿನ ಪ್ರಶ್ನೆಯೊಂದನ್ನು ಯಾರೂ ಕೇಳಿರಲಿಲ್ಲ. ಲುವೀನಿಯಾ ತನ್ನೊಳಗೆ ಹುಡುಕಿದಳು. ಮಾತು ಸಿಕ್ಕಿತು, ಅದರ ಬಿಸಿ ಸಿಗಲಿಲ್ಲ.

“ನಮ್ಮೂರಲ್ಲಿ ಕಪ್ಪು ಜನಕ್ಕೆ ಔಷಧಿ ಕೊಡೋರು ಒಬ್ರೇ ಸಾರ್. ಅವ್ರಿಗೀಗ ಸೀಸೆ ಮೇಲಿನ ಅಕ್ಷರ ಕಾಣಲ್ಲ. ಒಹಾಯೋಗೆ ಹೋದೋರು ಯಾರೂ ವಾಪಸ್ ಬಂದಿಲ್ಲ.”

ಬಸ್ಸಿನ ವೇಳೆ ಓದಿದಂತೆ ಹೇಳಿದಳು. ಮೂಲೆಯ ಗುಮಾಸ್ತೆ ಅದನ್ನೆಲ್ಲ ಟೈಪು ಮಾಡಿಕೊಂಡಳು.

ವಾರದಲ್ಲಿ ಉತ್ತರ ಬಂತು. ಪ್ರವೇಶವಿಲ್ಲ. ಅಭ್ಯರ್ಥಿಯ ಮುಖದಲ್ಲಿ ಕಲಿಯುವ ಆಸೆಯ ಸುಳಿವೇ ಇಲ್ಲ.

ಡೀಕನ್ ಚರ್ಚಿನ ಮೆಟ್ಟಿಲ ಮೇಲೆ ಕುಸಿದರು. ಆ ದಿನ ಅವರ ಕಣ್ಣೀರಿಗೆ ಪಕ್ಕದ ಹತ್ತಿ ಹೊಲ ಎರಡನೆಯ ಬೆಳೆ ಕೊಟ್ಟಿತು. “ನಾನೇ ಕೆಡಿಸ್ದೆ ತಾಯಿ! ಆಸೆ ತೋರಿಸೋದನ್ನ ಕಲಿಸ್ಲೇ ಇಲ್ಲ.”

“ಬಿಡಿ ಡೀಕನ್ನೋರೇ,” ಎಂದಳು ಲುವೀನಿಯಾ. “ನಕ್ಕಿದ್ರೆ ಹಲ್ಲು ಕಿರೀತಾಳೆ ಅಂತ ಬರೀತಿದ್ರು.” ತನಗೂ ಅಳು ಬರಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಕಾದಳು. ಬರಲಿಲ್ಲ.

ವಕೀಲ ಕ್ರೆನ್ಷಾ ಮಾತ್ರ ತೊಡೆ ತಟ್ಟಿ ನಕ್ಕರು. “ಮುಖ ಅಂತ ಬರ್ದವ್ರೆ! ಅಂಕ ಕಮ್ಮಿ ಅಂದಿದ್ರೆ ಕಷ್ಟ ಆಗ್ತಿತ್ತು. ಮುಖಕ್ಕೆ ಯಾವ ಕಾನೂನಿದೆ?”

ಕೋರ್ಟಿಗೆ ಹೋದದ್ದು ಟೈಪು ಮಾಡಿದ ಹಾಳೆಗಳು. ಕಾಗದದ ಮೇಲೆ ಅವಳ ಮಾತಿತ್ತು, ಮುಖವಿರಲಿಲ್ಲ. ಮುದಿ ನ್ಯಾಯಾಧೀಶರು ಎರಡು ಸಲ ಓದಿ, ಇದಕ್ಕಿಂತ ದೊಡ್ಡ ಆಸೆ ಇನ್ನೇನು ಬೇಕು ಎಂದು ಕೇಳಿ, ಸೇರಿಸಿಕೊಳ್ಳಿ ಎಂದು ಆಜ್ಞೆ ಮಾಡಿದರು.

ಅಂದು ಬಾರಿಸಿ ಬಾರಿಸಿ ಚರ್ಚಿನ ಗಂಟೆಗೆ ಗಂಟಲು ಕಟ್ಟಿತು. ಸುತ್ತಲಿನ ಮೂರು ತಾಲ್ಲೂಕಿನ ಕೋಳಿಗಳು ಹಬ್ಬದೂಟಕ್ಕೆ ಹೆದರಿ ಕಾಡು ಸೇರಿದವು. ಲುವೀನಿಯಾಳ ತಟ್ಟೆಗೆ ಎಲ್ಲರಿಗಿಂತ ದೊಡ್ಡ ಕೇಕಿನ ತುಂಡು ಬಿತ್ತು. ತಿಂದಳು. ಅದು ಸಿಹಿ ಎಂದು ತಿಳಿಯಿತು, ಅಷ್ಟೇ.

ಮೊದಲ ದಿನ ಅವಳು ಪ್ರಯೋಗಾಲಯಕ್ಕೆ ಕಾಲಿಟ್ಟದ್ದೇ ತಡ, ಹುಡುಗರೆಲ್ಲ ಆಚೆ ಬದಿಗೆ ಸರಿದರು. ಕಟ್ಟಡವೇ ಆ ಕಡೆಗೆ ವಾಲಿತು. ಯಾರೋ ಹಿಂದಿನಿಂದ ಒಂದು ಬೈಗುಳ ಎಸೆದರು. ಎಂಥ ಬಡಕಲು ಬೈಗುಳ! ಡೀಕನ್ ಕೇಳಿದ್ದರೆ ನಾಚಿ ನೀರಾಗುತ್ತಿದ್ದರು. ಅವಳು ಗಾಜಿನ ಕೊಳವೆಯನ್ನು ಉರಿಗೆ ಹಿಡಿದಳು, ಬಗ್ಗಿಸಿದಳು, ಕೆಳಗಿಟ್ಟಳು. ಮತ್ತೆ ಎತ್ತಿಕೊಳ್ಳುವಾಗ ಕಾದ ಜಾಗಕ್ಕೇ ಬೆರಳಿಟ್ಟಳು.

“ಅಯ್ಯಯ್ಯೋ!”

ಆ ಕೂಗಿಗೆ ಮಿಸಿಸಿಪಿ ನದಿ ಒಂದು ಗಳಿಗೆ ಹರಿಯುವುದನ್ನೇ ಮರೆಯಿತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಲುವೀನಿಯಾಳೇ.

ಬೆಳಗಿನಿಂದ ಅವಳತ್ತ ತಲೆಯೆತ್ತದಿದ್ದ ಮೇಷ್ಟ್ರು ಧಡಕ್ಕನೆ ಓಡಿಬಂದು ನಲ್ಲಿ ತಿರುಗಿಸಿದರು. “ನೀರಿಗಿಡು, ಬೇಗ ನೀರಿಗಿಡು! ತುಂಬಾ ಉರೀತಿದ್ಯಾ?”

ಅವಳು ಬೆರಳನ್ನು ನೋಡಿದಳು. ಬೊಬ್ಬೆ ಏಳುತ್ತಿತ್ತು.

“ಉರೀತಿದೆ ಸಾರ್,” ಎಂದಳು. ಇನ್ನೊಮ್ಮೆ, ತನಗೇ ಹೇಳಿಕೊಳ್ಳುವಂತೆ ಎಂದಳು: “ಹೌದು, ಉರೀತಿದೆ.”